ಹೆಳವ ಬಂದ ಐತವಾರ

ಅಂದು ಐತವಾರ. ಎಂದಿನಂತೆ ಬೆಳಕು ಹರಿಯುವ ಮೊದಲೇ ಎದ್ದು ಅಂಗಳ ಉಡುಗಿ, ಸೆಗಣಿನೀರಿನ ಚಳೆ ಹೊಡೆದು, ಹೊಸ್ತಿಲ ಮುಂದೆ ನಾಲ್ಕು ಎಳೆ ರಂಗೋಲಿ ಹಾಕಿ ಒಳಗೆ ಬಂದೆ. ಅತ್ತೆಯವರು ಅಡುಗೆಮನೆಯ ಕಂಬಕ್ಕೆ ಹಗ್ಗ ಸುತ್ತಿ ಮಜ್ಜಿಗೆ ಕಡೆಯುತ್ತಿದ್ದರು. ಬೆಣ್ಣೆ ಬರುವ ಹೊತ್ತಿಗೆ ಕಡೆಗೋಲಿನ ದನಿ ಬದಲಾಗುತ್ತದೆ. ಮೊದಲಿನ ತೆಳುವಾದ ಸಪ್ಪಳ ಹೋಗಿ ದಪ್ಪಗೆ ಕೇಳತೊಡಗುತ್ತದೆ. ಅದನ್ನು ಗುರುತಿಸುವುದಕ್ಕೆ ಮದುವೆಯಾದ ಮೇಲೆ ನನಗೆ ಒಂದು ವರ್ಷವೇ ಹಿಡಿದಿತ್ತು. ಒಲೆ ಹೊತ್ತಿಸಿ, ಜೋಳದ ಹಿಟ್ಟಿಗೆ ಬಿಸಿನೀರು ಹೊಯ್ದು ನಾದಿ, ರೊಟ್ಟಿ ಬಡಿಯಲು ಕುಳಿತೆ. ಮಾವನವರ ಪೂಜೆಯ ಗಂಟೆ ಒಳಕೋಣೆಯಿಂದ ಕೇಳುತ್ತಿತ್ತು. ನಮ್ಮ ಯಜಮಾನರು ಜೋಳದ ರಾಶಿ ಕಾಯಲು ಹೊಲಕ್ಕೆ ಹೋಗಿ ಎರಡು ದಿನವಾಗಿತ್ತು.

ಜಮಖಂಡಿಯಲ್ಲಿ ನಮ್ಮ ಮನೆ ಅರಮನೆಯ ಗುಡ್ಡಕ್ಕೆ ಬೆನ್ನು ಮಾಡಿದ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ, ಮುಂದೆ ದೊಡ್ಡ ಅಂಗಳ. ಆ ಮನೆಯಲ್ಲಿ ಆಗ ಇದ್ದವರು ಮಾವನವರು, ಅತ್ತೆಯವರು, ನಾವಿಬ್ಬರು, ಮತ್ತೆ ನನ್ನ ನಾದಿನಿ. ನಾದಿನಿಗೆ ಹದಿನಾಲ್ಕು ತುಂಬಿತ್ತು. ಸಂಸ್ಥಾನದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಐದನೆಯ ಇಯತ್ತೆ. ಇಡೀ ವರ್ಗದಲ್ಲಿ ಹುಡುಗಿಯರು ಮೂವರೇ. ಅವರಿಗೆ ಮಾಸ್ತರರ ಮೇಜಿನ ಪಕ್ಕಕ್ಕೆ ಒಂದು ಗಿಡ್ಡ ಬೆಂಚು. ಇನ್ನೆರಡು ಇಯತ್ತೆ ದಾಟಿದರೆ ಮ್ಯಾಟ್ರಿಕ್.

ಎರಡನೆಯ ರೊಟ್ಟಿ ಹೆಂಚಿನ ಮೇಲೆ ಉಬ್ಬುತ್ತಿದ್ದಾಗ ಅತ್ತೆಯವರು ಹಗ್ಗ ನಿಲ್ಲಿಸಿ ಹೇಳಿದರು:

"ಹೆಳವ ಬಂದಾನಂತ. ನಿನ್ನಿ ಕೆರಿ ಕಡೆ ಎತ್ತು ಕಟ್ಟಿದ್ನಂತ. ಇವತ್ತ ನಮ್ಮ ಮನಿಗೆ ಬರ್ತಾನ. ನಾಕು ರೊಟ್ಟಿ ಹೆಚ್ಚಿಗಿ ಬಡಿ."

ಹೆಳವರು ನಮ್ಮ ಭಾಗದ ಮನೆತನಗಳ ಹಿಂದುಮುಂದು ಬಲ್ಲವರು. ಮೂರೋ ನಾಲ್ಕೋ ವರ್ಷಕ್ಕೊಮ್ಮೆ, ಸುಗ್ಗಿಯ ಹೊತ್ತಿಗೆ, ಎತ್ತಿನ ಜೊತೆ ಬಂದು, ಕೈಯಲ್ಲಿ ಗಂಟೆ ಹಿಡಿದು, ಆ ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿರುವ ಕೂಸಿನವರೆಗೆ ಒಂದೇ ಉಸಿರಿಗೆ ಹೇಳುತ್ತಾರೆ. ಕೊನೆಗೆ ಹೊಸದೇನಾದರೂ ಆಗಿದ್ದರೆ ಯಜಮಾನರನ್ನು ಕೇಳಿ ಸೇರಿಸಿಕೊಳ್ಳುತ್ತಾರೆ: ಯಾರು ಹುಟ್ಟಿದರು, ಯಾರು ಹೋದರು, ಎಲ್ಲಿಂದ ಹೆಣ್ಣು ತಂದರು, ಎಲ್ಲಿಗೆ ಕೊಟ್ಟರು. ಒಂದು ಮೊರದ ತುಂಬ ಜೋಳ, ಒಂದು ಹಳೆಯ ಧೋತರ ಇಸಿದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ನಾನು ಸೊಸೆಯಾಗಿ ಬಂದ ಮೇಲೆ ಹೆಳವ ಬರುತ್ತಿದ್ದುದು ಅದೇ ಮೊದಲು.

"ಮುಧೋಳದ್ದೂ ಇವತ್ತ ಹೇಳಿಸಿ ಬಿಡ್ತಾರ ನಿಮ್ಮ ಮಾವ," ಎಂದರು ಅತ್ತೆ, ಬೆಣ್ಣೆಯ ಉಂಡೆಯನ್ನು ಅಂಗೈಯಲ್ಲಿ ತಟ್ಟುತ್ತ. "ಇಲ್ಲಿಂದ ಅಂವ ಸೀದಾ ಅವರ ಮನಿಗೇ ಹೋಗಾಂವ. ಅವರೂ ಅವನ ಒಕ್ಕಲ. ಅವನ ಬಾಯಾಗ ಬಂತಂದ್ರ ಆತು, ಮತ್ತ ಹಿಂದಕ್ಕ ಬರೂದಿಲ್ಲ."

ಮುಧೋಳದ ಮನೆತನದಿಂದ ನಾದಿನಿಯನ್ನು ಕೇಳಿದ್ದು ಸಂಕ್ರಾಂತಿಯ ಸುಮಾರಿಗೆ. ಒಳ್ಳೆಯ ಮನೆ, ನೀರಾವರಿ ಹೊಲ, ಹುಡುಗನೂ ಸಭ್ಯ ಎನ್ನುತ್ತಿದ್ದರು. ಮಾವನವರು ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ವೈಶಾಖದಲ್ಲಿ ಮದುವೆ ಮಾಡುವುದಾದರೆ ಸಾಲೆ ಅಲ್ಲಿಗೇ ನಿಲ್ಲಬೇಕು. ಹೆಳವನ ಬಾಯಿಗೆ ಇವತ್ತು ಯಾವ ಮಾತು ಬೀಳುತ್ತದೆ ಎನ್ನುವುದರ ಮೇಲೆ ಆ ಹುಡುಗಿಯ ಇಡೀ ಬದುಕು ನಿಂತಿತ್ತು ಎಂದರೆ ಹೆಚ್ಚಲ್ಲ.

ಅಡುಗೆಮನೆಯ ಬಾಗಿಲಲ್ಲಿ ನೆರಳಾಯಿತು. ನಾದಿನಿ ಎದ್ದು ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಜಡೆ ಅರ್ಧ ಬಿಚ್ಚಿತ್ತು. ಬಲಗೈಯ ನಡುಬೆರಳಿನಲ್ಲಿ ನಿನ್ನೆಯ ಮಸಿಯ ಕಲೆ ಹಾಗೇ ಇತ್ತು.

"ಅವ್ವಾ, ನನಗ ಮನಿ ಇತಿಹಾಸ ಬರಿಯೂದೈತಿ. ಮಾಸ್ತರ್ ಹೇಳ್ಯಾರ. ಹೆಳವನ್ನ ಕೇಳಿ ಬರಕೋತೇನಿ."

"ಬರಕೋ ಯಾರ್ ಬ್ಯಾಡಂದ್ರು? ಮೊದಲ ಜಳಕಾ ಮಾಡು. ಇತಿಹಾಸ ಬರಿಯಾಕಿ ಮಾರಿ ನೋಡು, ಇನ್ನೂ ನಿದ್ದಿ ಹರದಿಲ್ಲ!"

ಅವಳು ನಗಲಿಲ್ಲ. ನನ್ನ ಹತ್ತಿರ ಬಂದು ಕುಳಿತು, ಒಲೆಯ ಕಡೆ ನೋಡುತ್ತ ಸಣ್ಣ ದನಿಯಲ್ಲಿ, "ವೈನಿ, ಅಂವ ಹೇಳಿಬಿಟ್ರ ಮುಗೀತಲ್ಲ?" ಎಂದಳು. ನಾನು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಅವಳ ಕೈಗೆ ಕೊಟ್ಟೆ.

ಅವಳ ಇತಿಹಾಸ, ಭೂಗೋಳ, ಪೌರನೀತಿಯ ಪುಸ್ತಕಗಳನ್ನು ಮಧ್ಯಾಹ್ನದ ಹೊತ್ತು ನಾನೂ ಓದುತ್ತಿದ್ದೆ. ನಾನು ಕಲಿತದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ತಂದೆಯವರು ದಂಡಿನ ಕ್ಯಾಂಪಿನ ಕಚೇರಿಯಲ್ಲಿ ಕಾರಕೂನರಾಗಿದ್ದರಿಂದ ಅಲ್ಲಿಗೆ ಸೇರಿಸಿದ್ದರು. ನಮ್ಮ ಸಿಸ್ಟರ್ ಬಹಳ ಮೃದು ಸ್ವಭಾವದವಳು; ನಕಾಶೆಯನ್ನು ಗೋಡೆಗೆ ತೂಗುಹಾಕುವ ಮೊದಲು ಅದರ ಸುಕ್ಕನ್ನು ಅಂಗೈಯಿಂದ ಒರೆಸಿ ಒರೆಸಿ ಸಮಮಾಡುತ್ತಿದ್ದಳು. ಇಂಗ್ಲೆಂಡಿನ ರಾಜರನ್ನು ಒಬ್ಬರ ಹಿಂದೆ ಒಬ್ಬರಂತೆ ನಾವು ರಾಗವಾಗಿ ಹೇಳಬೇಕಿತ್ತು. ಅಲ್ಲಿಯ ನದಿಗಳು, ಗುಡ್ಡಗಳು, ಯಾವ ಊರಲ್ಲಿ ಉಣ್ಣೆ, ಯಾವ ಊರಲ್ಲಿ ಕಲ್ಲಿದ್ದಲು, ಎಲ್ಲ ಬಾಯಿಪಾಠ. ಅಟ್ಲಾಸಿನಲ್ಲಿ ಹಿಂದುಸ್ತಾನ ಬಹುಪಾಲು ಗುಲಾಬಿ ಬಣ್ಣ; ನಡುನಡುವೆ ಹಳದಿ ಚುಕ್ಕೆಗಳು. ಆ ಹಳದಿಯೆಲ್ಲ ರಾಜರ ಸೀಮೆ ಎಂದು ಸಿಸ್ಟರ್ ಹೇಳಿದ್ದಳು. ಹೆಸರು ಬರೆಯಲೂ ಜಾಗವಿಲ್ಲದ ಅಂಥ ಒಂದು ಚುಕ್ಕೆಯೊಳಗೆ ಮುಂದೆ ನಾನು ರೊಟ್ಟಿ ಬಡಿಯುತ್ತೇನೆಂದು ಆಗ ಗೊತ್ತಿರಲಿಲ್ಲ.

ಏನಾದರೂ ಕೇಳಬೇಕಾದರೆ ಬಲಗೈ ಎತ್ತಿ ಸುಮ್ಮನೆ ನಿಲ್ಲಬೇಕು, ಕರೆಯುವವರೆಗೆ ತುಟಿ ಬಿಚ್ಚಬಾರದು. ಇದು ಆ ಶಾಲೆ ನನಗೆ ಕಲಿಸಿದ ಮೊದಲ ಪಾಠ. ಎಂಟು ವರ್ಷ ಎತ್ತಿದ ಕೈ ಅದು.

ನಾದಿನಿಯ ಮಾಸ್ತರರು ಬೇರೆ ಥರ. ರಾಜರ ಪಟ್ಟಿಯನ್ನು ಅವರೂ ಕಲಿಸುತ್ತಿದ್ದರು; ಆದರೆ ಈ ವರ್ಷ ಪ್ರತಿಯೊಬ್ಬರೂ ತಮ್ಮ ಮನೆಯ ಇತಿಹಾಸ ಬರೆದು ತರಬೇಕೆಂದಿದ್ದರು. ಮೂರು ಕಟ್ಟಳೆ ಹಾಕಿದ್ದರು. ಯಾರು ಹೇಳಿದರೆಂದು ಬರೆಯಬೇಕು. ಅವರು ಕಣ್ಣಾರೆ ಕಂಡದ್ದೋ ಕೇಳಿದ್ದೋ ಬರೆಯಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಬೇಕು, ಚಂದ ಕಾಣಲೆಂದು ತುಂಬಿಸಬಾರದು. ಈ ಮೂರನೆಯದನ್ನು ನಾದಿನಿ ವಹಿಯ ಮೊದಲ ಪುಟದಲ್ಲಿ ಕೆಂಪು ಮಸಿಯಿಂದ ಬರೆದುಕೊಂಡಿದ್ದಳು.

ಬಿಸಿಲು ಅಂಗಳದ ಅರ್ಧಕ್ಕೆ ಬಂದಾಗ ಓಣಿಯ ತುದಿಯಲ್ಲಿ ಗಂಟೆ ಕೇಳಿತು. ಹೆಳವ ಬಹಳ ವಯಸ್ಸಾದವನು. ಕೆಂಪು ರುಮಾಲು, ಗುಂಡಿಯಿಲ್ಲದ ಕರಿಯ ಕೋಟು. ಎತ್ತು ಬಿಳಿಯದು; ಅದರ ಕೊಂಬಿಗೆ ಯಾರದೋ ಹಳೆಯ ಸೀರೆಯ ರೇಷ್ಮೆ ಸೆರಗಿನ ತುಂಡು ಕಟ್ಟಿತ್ತು. ಮಾವನವರು ಕಟ್ಟೆಯ ಮೇಲೆ ಕಂಬಳಿ ಹಾಸಿಸಿ ಅವನನ್ನು ಕೂರಿಸಿದರು. ಅತ್ತೆ ನೀರು, ಬೆಲ್ಲ ಕೊಟ್ಟರು. ನಾನು ತಲೆಯ ಮೇಲೆ ಸೆರಗೆಳೆದುಕೊಂಡು ಅಡುಗೆಮನೆಯ ಬಾಗಿಲಿಗೆ ನಿಂತೆ. ಅಲ್ಲಿಂದ ಪಡಸಾಲೆ ದಾಟಿ ಕಟ್ಟೆ ನೇರ ಕಾಣುತ್ತಿತ್ತು. ನಾದಿನಿ ಕಂಬಕ್ಕೊರಗಿ ವಹಿ ತೆರೆದು ಕುಳಿತಳು.

"ಗೌಡ್ರ, ಒಂದು ಮಾತ್ರೀ," ಎಂದ ಹೆಳವ. "ನಾ ಸುರು ಮಾಡಿದ ಮ್ಯಾಲ ನಡಕ ಯಾರೂ ಮಾತಾಡಬಾರದು. ಎಳಿ ಹರದ್ರ ಮತ್ತ ಬೇರಿನಿಂದ ಬರಬೇಕಾಕ್ಕತಿ. ವಯಸ್ಸಾತು, ನಡುವಿನಿಂದ ಹಿಡಿಯಾಕ ಬರೂದಿಲ್ಲ."

"ನಮ್ಮ ಮನ್ಯಾಗ ಯಾರ್ ಮಾತಾಡ್ತಾರ? ನೀ ಹೇಳು," ಎಂದರು ಮಾವ.

ಅವನು ಗಂಟೆ ಬಾರಿಸಿ ಕಣ್ಣು ಮುಚ್ಚಿದ. ಮೂಲಪುರುಷ ಎಲ್ಲಿಂದ ಬಂದ, ಯಾವ ಬರದಲ್ಲಿ ಬಂದ, ಎಷ್ಟು ಎತ್ತು ಹೊಡೆದುಕೊಂಡು ಬಂದ. ಅವನಿಗೆ ಮೂವರು ಮಕ್ಕಳು. ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ, ಮನೆಯವರಿಗೆ ಸರಿ ಬಾರದು. ಅವನ ದನಿಗೆ ರಾಗವೆನ್ನುವಂಥದ್ದಿರಲಿಲ್ಲ, ಆದರೆ ಲಯವಿತ್ತು. ಹಿರಿಯವನಿಗೆ ತೇರದಾಳದ ಮಗಳನ್ನು ತಂದರು, ಅವಳ ಹೊಟ್ಟೆಯಲ್ಲಿ ಇಬ್ಬರು. ಕಿರಿಯವನಿಗೆ ಮುಧೋಳದ ಮಗಳನ್ನು ತಂದರು, ಅವಳ ಹೊಟ್ಟೆಯಲ್ಲಿ ನಾಲ್ವರು. ಗಂಡಸರಿಗೆಲ್ಲ ಹೆಸರಿತ್ತು, ಹೆಂಗಸರಿಗೆಲ್ಲ ಊರಿತ್ತು. ಕೇಳುತ್ತ ಕೇಳುತ್ತ ಸಿಸ್ಟರಿನ ರಾಜರ ಪಟ್ಟಿಯೇ ನೆನಪಾಯಿತು. ನಾದಿನಿಯ ಲೇಖನಿ ಗಂಡಸರ ಹೆಸರಿನ ಹಿಂದೆ ಓಡುತ್ತಿತ್ತು.

ಆರು ತಲೆ ದಾಟಿ ಮಾವನವರ ತಲೆಗೆ ಬಂತು. ಹೆಳವ ಅವರ ಹೆಸರು ಹೇಳಿ, ದೊಡ್ಡ ದನಿಯಲ್ಲಿ, "ಅವರಿಗೆ ರಬಕವಿ ಮಗಳನ್ನ ತಂದ್ರು" ಎಂದ.

ನನ್ನ ಕೈ ಮೇಲೆದ್ದಿತ್ತು.

ಯಾವಾಗ ಎದ್ದಿತೋ ತಿಳಿಯದು. ತಲೆಯ ಮೇಲಿನ ಸೆರಗು ಜಾರಿ, ಬಳೆಗಳೆಲ್ಲ ಮೊಣಕೈಗೆ ಇಳಿದು, ಬಲಗೈ ನೆಟ್ಟಗೆ ಬಾಗಿಲ ಚೌಕಟ್ಟಿನ ಎತ್ತರಕ್ಕೆ ನಿಂತಿತ್ತು. ತುಟಿ ಮಾತ್ರ ಮುಚ್ಚಿತ್ತು. ಅತ್ತೆಯವರು ಬನಹಟ್ಟಿಯವರು. ರಬಕವಿ ಅಂದರೆ ಅವರಿಗೆ ಉರಿಯುತ್ತದೆ ಎಂಬುದು ಓಣಿಗೇ ಗೊತ್ತು. ಎರಡು ಊರಿನ ಮನೆಗಳು ಕೂಡಿಕೊಂಡೇ ಇವೆ. ಹೊರಗಿನವರು ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಹಾಗೆ ಹೇಳಿದವರನ್ನು ತಿದ್ದದೆ ಅತ್ತೆ ಒಂದು ದಿನವೂ ಬಿಟ್ಟವರಲ್ಲ. ತಪ್ಪು ಕೇಳಿದೊಡನೆ ನನ್ನ ಕೈ ತನ್ನಷ್ಟಕ್ಕೆ ಕಾನ್ವೆಂಟಿಗೆ ಹೋಗಿಬಿಟ್ಟಿತ್ತು.

ಬಳೆಯ ಸಪ್ಪಳಕ್ಕೆ ಹೆಳವ ಕಣ್ಣು ಬಿಟ್ಟ. ಗಂಟೆ ನಿಂತಿತು.

"ಯಾಕ ತಾಯಿ, ಕೈ ಯಾಕ ಎತ್ತಿದ್ರಿ? ಹಲ್ಲಿ ಬಿತ್ತೇನ್ರಿ ಮೈಮ್ಯಾಲ?"

ಮಾವನವರು ತಿರುಗಿ ನೋಡಿದರು. ನಾಚಿಕೆಯಲ್ಲಿ ನನಗೆ ಕೈ ಇಳಿಸುವುದೂ ಮರೆತುಹೋಯಿತು. ನನ್ನ ಪರವಾಗಿ ಉತ್ತರ ಕೊಟ್ಟವರು ಅತ್ತೆ. ಅಷ್ಟು ಹೊತ್ತು ಹಲ್ಲು ಕಚ್ಚಿಕೊಂಡು ಕುಳಿತಿದ್ದರೆಂದು ತೋರುತ್ತದೆ.

"ನಾ ರಬಕವ್ಯಾಕಿ ಅಲ್ಲೋ ಮಾರಾಯಾ! ಬನಹಟ್ಟ್ಯಾಕಿ! ಮೂವತ್ತು ವರ್ಷಾತು ನಾ ಈ ಮನಿಗೆ ಬಂದು. ಹೋದ ಸಲಾನೂ ಹಿಂಗ ಅಂದಿದ್ದಿ, ಎಳಿ ಹರದೀತಂತ ಸುಮ್ನಿದ್ದೆ."

"ಎರಡೂ ಒಂದ ಅಲ್ಲೇನ್ರಿ ಯವ್ವಾ. ನಡಕ ಒಂದು ಹಾದಿ."

"ಹಾದಿ? ಅದು ಹಾದಿ ಅಲ್ಲ, ಸರಹದ್ದು!"

"ಖರೆ ಐತಿ," ಎಂದಳು ನಾದಿನಿ ಕಂಬದ ಬಳಿಯಿಂದ, ವಹಿಯಿಂದ ತಲೆ ಎತ್ತದೆ. "ರಬಕವಿ ಸಾಂಗ್ಲಿ ಸಂಸ್ಥಾನದಾಗ ಬರ್ತೈತಿ. ತೇರದಾಳನೂ ಅವರದ. ಬನಹಟ್ಟಿ ನಮ್ಮ ಜಮಖಂಡಿದು. ಭೂಗೋಳದ ಪುಸ್ತಕದಾಗ ಐತಿ."

ಅತ್ತೆಯವರು ಮಗಳನ್ನು ಅಂದಿನವರೆಗೆ ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಹೆಳವನ ಕಡೆ ತಿರುಗಿ, "ಕೇಳಿದೇನು? ಪುಸ್ತಕದಾಗ ಬರದಾರ. ನನ್ನ ಮಾತು ಬಿಡು, ಸಾಲಿ ಪುಸ್ತಕ ಸುಳ್ಳು ಹೇಳ್ತೈತೇನು?" ಎಂದರು.

ಹೆಳವ ಸೋತವನಂತೆ ರುಮಾಲು ಸರಿಮಾಡಿಕೊಂಡ. "ಆತ್ರಿ ಯವ್ವಾ, ಬನಹಟ್ಟಿ. ಆದ್ರ ಎಳಿ ಹರೀತಲ್ಲ. ಇನ್ನ ಬೇರಿನಿಂದ." ಮತ್ತೆ ಗಂಟೆ ಬಾರಿಸಿ, ಮತ್ತೆ ಕಣ್ಣು ಮುಚ್ಚಿ, ಅದೇ ಬರದಲ್ಲಿ ಅದೇ ಎತ್ತುಗಳನ್ನು ಹೊಡೆದುಕೊಂಡು ಮೂಲಪುರುಷನನ್ನು ಮತ್ತೊಮ್ಮೆ ಕರೆತಂದ. ಮಾವನವರು ನಿಟ್ಟುಸಿರುಬಿಟ್ಟು ಗೋಡೆಗೆ ಒರಗಿದರು. ಎತ್ತು ಮಲಗಿತು. ಒಲೆಯ ಮೇಲಿನ ಬೇಳೆ ತಳ ಹಿಡಿಯುತ್ತದೆಂದು ನಾನು ಒಳಗೆ ಓಡಿ ಕೆಂಡ ಹಿಂದಕ್ಕೆಳೆದು ಬಂದೆ.

ಬಂದು ನೋಡಿದರೆ ನಾದಿನಿ ಪುಟ ತಿರುವಿದ್ದಳು. ಗಂಡಸರ ಹೆಸರು ಆಗಲೇ ಬರೆದಾಗಿತ್ತಲ್ಲ. ಈ ಸಲ ಅವಳು ಬೇರೇನೋ ಮಾಡುತ್ತಿದ್ದಳು. ಹೆಳವ ಒಂದೊಂದು ಊರು ಹೇಳಿದಾಗ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದಳು, ತುಸು ಯೋಚಿಸಿ, ಒಮ್ಮೆ ಎಡಕ್ಕೆ, ಒಮ್ಮೆ ಕೆಳಕ್ಕೆ. ಹೆಳವ ಈ ಸಲ ಬನಹಟ್ಟಿಯನ್ನು ಅಗತ್ಯಕ್ಕಿಂತ ದೊಡ್ಡದಾಗಿಯೇ ಕೂಗಿ ಹೇಳಿದ. ಅತ್ತೆ ತಲೆಯಾಡಿಸಿದರು.

ಆಮೇಲೆ ಹೊಸದು. ಮಾವನವರ ಅಣ್ಣ ತೀರಿಕೊಂಡದ್ದನ್ನು ಸೇರಿಸಿದ. ಅನಂತರ ನನ್ನ ಸರದಿ.

"ಸಣ್ಣ ಗೌಡ್ರಿಗೆ ಎಲ್ಲಿಂದ ತಂದ್ರಿ?"

"ಬೆಳಗಾವಿಯಿಂದ," ಎಂದರು ಮಾವ.

"ಅಬಾಬಾ, ದೂರ ಹೋಗೀರಿ! ಕೈ ಎತ್ತಿದ ತಾಯಿ ಅವರ ಏನ್ರಿ?"

ಎಲ್ಲರೂ ನಕ್ಕರು, ಮಾವನವರೂ. ಹೆಳವ ಎರಡು ಸಲ ತನ್ನೊಳಗೇ ಹೇಳಿಕೊಂಡು ನನ್ನನ್ನು ಆ ಸಾಲಿಗೆ ಸೇರಿಸಿದ. ಇನ್ನು ಮುಂದೆ ಆ ಮನೆಯ ಲೆಕ್ಕದಲ್ಲಿ ನಾನೆಂದರೆ ಬೆಳಗಾವಿ. ತಂದೆಯವರು ಇಟ್ಟ ಹೆಸರು, ಸಿಸ್ಟರ್ ಹಾಜರಿ ಕರೆಯುವಾಗ ನಾಲಗೆ ತಿರುಗದೆ ಕೂಗುತ್ತಿದ್ದ ಆ ಹೆಸರು, ಅಲ್ಲೆಲ್ಲೂ ಇರಲಿಲ್ಲ. ಬೇಸರವೇನೂ ಆಗಲಿಲ್ಲ. ವಿಚಿತ್ರವೆನಿಸಿತು ಅಷ್ಟೆ.

"ಮತ್ತ ಈ ಮಗಳು?" ಹೆಳವ ನಾದಿನಿಯತ್ತ ಗಂಟೆ ತೋರಿಸಿದ. "ಕೊಟ್ಟೀರೇನ್ರಿ? ಮುಧೋಳ ಅಂತ ಹಾದ್ಯಾಗ ಕೇಳಿದೆ. ಅಲ್ಲಿಗೇ ಹೊಂಟೇನಿ. ಹೇಳ್ಲ್ಯಾ?"

ಅತ್ತೆ ಮಾವನವರ ಮುಖ ನೋಡಿದರು. ಮಾವ ಮಗಳ ಮುಖ ನೋಡಿದರು. ಅವಳು ವಹಿ ನೋಡುತ್ತಿದ್ದಳು. ಬಾಯಿ ಬಿಟ್ಟು ಬೇಡ ಎನ್ನುವ ಧೈರ್ಯ ಅವಳಿಗಿರಲಿಲ್ಲ. ಇದ್ದಿದ್ದರೂ ಹೊರಗಿನವನ ಮುಂದೆ ತಂದೆಗೆ ಹಾಗೆನ್ನುವ ಹುಡುಗಿಯಲ್ಲ.

"ತಡಿ," ಎಂದರು ಮಾವ. "ಏನ್ ಬರದಿ ಅಷ್ಟೊತ್ತಿನಿಂದ? ತಾ ಇಲ್ಲಿ."

ದಾರ ಕಟ್ಟಿದ ಚಾಳೀಸನ್ನು ಕಿವಿಗೆ ಸಿಕ್ಕಿಸಿಕೊಂಡು ವಹಿ ಬೆಳಕಿಗೆ ಹಿಡಿದರು. ಒಂದು ಪುಟ ತುಂಬ ಗಂಡಸರ ಹೆಸರು. ಎದುರಿನ ಪುಟದಲ್ಲಿ ಚುಕ್ಕೆಗಳು, ಗೆರೆಗಳು.

"ಇದೇನಿದು?"

"ನಕಾಶೆ, ಅಪ್ಪಾ."

"ಯಾವ ಸಂಸ್ಥಾನದ್ದು?"

"ನಮ್ಮ ಮನಿದು."

ಮಾವ ಚಾಳೀಸಿನ ಮೇಲಿಂದ ಅವಳನ್ನು ನೋಡಿದರು. ಅವಳು ಹತ್ತಿರ ಬಂದು ಬೆರಳಿಟ್ಟು ತೋರಿಸತೊಡಗಿದಳು.

"ಗಂಡಸರು ಎಲ್ಲಾರೂ ಇಲ್ಲೇ ಹುಟ್ಟಿ ಇಲ್ಲೇ ಹೋಗ್ಯಾರ. ಅವರಿಗೆಲ್ಲಾ ಕೂಡಿ ಒಂದ ಚುಕ್ಕಿ ಸಾಕಾತು. ನಡಕಿಂದು, ಜಮಖಂಡಿ. ಈ ಕಡಿ ತೇರದಾಳ, ಎರಡು ಸಲ ಬಂದೈತಿ. ಇದು ಮುಧೋಳ. ಇದು ಅವ್ವಂದು, ಬನಹಟ್ಟಿ. ದೂರ ಅಲ್ಲಿ ವೈನಿದು. ಇಲ್ಲಿ ಬೀಳಗಿ ಕಡಿ, ನಿಮ್ಮ ಅವ್ವನ ಊರು."

"ಎಷ್ಟು ರಾಜರ ಸೀಮಿಂದ ಹೆಣ್ಣು ತಂದೀವಲ್ಲೋ!" ಎಂದರು ಮಾವ ಹೆಳವನಿಗೆ, ತಮಾಷೆಗೆ. ಬೀಳಗಿಯ ಚುಕ್ಕೆಗೆ ಬಂದಾಗ ಮಾತ್ರ ಅವರ ಹುಬ್ಬು ಗಂಟಿಕ್ಕಿತು. "ಈ ಊರು ಇಲ್ಲಿಲ್ಲ. ಇದು ಹೊಳಿ ಅಲ್ಲೇನು? ನಮ್ಮ ಅವ್ವನ ಊರು ಹೊಳಿ ಆಚಿಗೆ."

"ಬೀಳಗಿ ಹೊಳಿ ಈಚಿಗೆ ಅಲ್ಲಪಾ?"

"ಬೀಳಗಿ ಈಚಿಗೆ. ನಮ್ಮ ಅಜ್ಜನ ಊರು ಹರಗೋಲದಾಗ ದಾಟಿ ಹೋಗಬೇಕು. ನಾ ಸಣ್ಣಾಂವಿದ್ದಾಗ ಅವ್ವನ ತೊಡಿಮ್ಯಾಲ ಕುಂತು ಹೋಗೇನಿ. ಹರಗೋಲ ತಿರಗತೈತಿ ಅಂತ ಆಕಿ ನನ್ನ ಕಣ್ಣು ಮುಚ್ಚತಿದ್ಲು." ಅವಳ ಕೈಯಿಂದ ಪೆನ್ಸಿಲು ತೆಗೆದುಕೊಂಡು, ಕೃಷ್ಣೆಯ ಗೆರೆಯನ್ನು ದಾಟಿ, ಒತ್ತಿ ಒಂದು ಚುಕ್ಕೆ ಇಟ್ಟರು. ನಾದಿನಿ ತನ್ನ ಹಳೆಯ ಚುಕ್ಕೆಯನ್ನು ರಬ್ಬರಿನಿಂದ ಅಳಿಸಿ, ಹೊಸದರ ಪಕ್ಕದಲ್ಲಿ ಲೇಖನಿಯಿಂದ ಸಣ್ಣಕ್ಷರದಲ್ಲಿ ಬರೆದಳು: ಅಪ್ಪ ಹೇಳಿದ್ದು, ಕಣ್ಣಾರೆ ಕಂಡದ್ದು.

ಪ್ರತಿ ಚುಕ್ಕೆಯ ಕೆಳಗೂ ಹೆಸರಿಗೆಂದು ಒಂದು ಗೆರೆ ಎಳೆದಿತ್ತು. ಅತ್ತೆಯವರ ಹೆಸರು, ನನ್ನ ಹೆಸರು, ಮಾವನವರ ತಾಯಿಯ ಹೆಸರು. ಅದಕ್ಕೂ ಹಿಂದಿನವರ ಕೆಳಗೆಲ್ಲ 'ಗೊತ್ತಿಲ್ಲ' ಎಂದು ಬರೆದಿತ್ತು. ಮಾವ ತುಟಿ ಅಲ್ಲಾಡಿಸುತ್ತ ಓದಿದರು. ತಮ್ಮ ತಾಯಿಯ ಹೆಸರಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು.

"ಇಷ್ಟ್ಯಾಕ ಗೊತ್ತಿಲ್ಲ ಗೊತ್ತಿಲ್ಲ ಅಂತ ಬರದಿ? ಏನರ ಒಂದು ಹಾಕಿದ್ರ ತುಂಬಿ ಕಾಣತಿತ್ತು."

"ತುಂಬಸಬಾರದಂತ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರಿಯೂದ ಇತಿಹಾಸ ಅಂತಾರ ಮಾಸ್ತರು."

"ಮತ್ತ ನಿಂದೆಲ್ಲಿ ಐತಿ ಇದರಾಗ?"

ಅವಳು ಜಮಖಂಡಿಯ ಚುಕ್ಕೆಯಿಂದ ಹೊರಟ ಒಂದು ಗಿಡ್ಡ ಗೆರೆ ತೋರಿಸಿದಳು. ಅದು ಯಾವ ಊರಿಗೂ ಮುಟ್ಟದೆ ಬಯಲಲ್ಲೇ ನಿಂತಿತ್ತು.

"ನಂದು ಇನ್ನೂ ಗೊತ್ತಿಲ್ಲಪಾ," ಎಂದಳು. "ಅದಕ್ಕ ಬಿಟ್ಟೇನಿ."

ಅಷ್ಟೇ ಅವಳು ಹೇಳಿದ್ದು. ಅದರಲ್ಲಿ ಬೇಡಿಕೆಯೂ ಇರಲಿಲ್ಲ, ಹಟವೂ ಇರಲಿಲ್ಲ. ಕಲಿತ ಪಾಠವನ್ನು ಕಲಿತ ಹಾಗೆ ಒಪ್ಪಿಸಿದಳು. ಮಾವನವರು ವಹಿ ಮುಚ್ಚಲಿಲ್ಲ. ಎತ್ತು ಮಲಗಿದಲ್ಲೇ ತಲೆ ಕೊಡವಿದಾಗ ಕೊರಳ ಗಂಟೆ ಒಮ್ಮೆ ಸದ್ದು ಮಾಡಿತು. ನಾನು ಬಾಗಿಲ ಚೌಕಟ್ಟಿನ ಮರದ ಗಂಟೊಂದನ್ನೇ ಬೆರಳಿನಿಂದ ಸವರುತ್ತ ನಿಂತಿದ್ದೆ.

"ಹೇಳ್ಲ್ಯಾರಿ ಗೌಡ್ರ, ಮುಧೋಳ?" ಎಂದ ಹೆಳವ, ಬಿಸಿಲು ನೋಡಿ.

"ಬ್ಯಾಡ," ಎಂದರು ಮಾವ. "ಸಾಲ್ಯಾಗ ಅದಾಳ ಅಂತ ಹೇಳು."

ಹೆಳವ ಗಂಟೆಯನ್ನು ಕೆಳಗಿಟ್ಟ. "ಹಂಗ ಹ್ಯಾಂಗ ಬರ್ತೈತ್ರಿ? ಮಗಳು ಅಂದ್ರ ಮನ್ಯಾಗ ಅದಾಳ, ಇಲ್ಲಾ ಇಂಥ ಊರಿಗೆ ಕೊಟ್ರು. ಇವೆರಡ ಇರೂದು. ನಮ್ಮ ಅಪ್ಪನ ಕಾಲದಿಂದ್ಲೂ ಯಾವ ಮನ್ಯಾಗೂ ಸಾಲಿ ಅಂತ ಹೇಳಿಲ್ಲ ನಾವು."

"ಈಗ ಹೇಳು."

"ಸಾಲಿ ಅನ್ನೂದು ಊರೇನ್ರಿ?"

"ಊರಲ್ಲ. ಆದ್ರ ಹುಡುಗಿ ಅಲ್ಲೇ ಅದಾಳಲ್ಲ? ಇದ್ದದ್ದನ್ನ ಹೇಳು. ಬನಹಟ್ಟಿನ ರಬಕವಿ ಮಾಡಿದಂಗ ಮಾಡಬ್ಯಾಡ." ಚಾಳೀಸು ಬಿಚ್ಚುತ್ತ ಮತ್ತೆ ಹೇಳಿದರು: "ಮುಧೋಳದಾಗ ಕೇಳಿದ್ರ ಇದನ್ನ ಹೇಳು. ಎರಡು ವರ್ಷ ಕಾಯೂದಾದ್ರ ಕಾಯ್ಲಿ. ಆಗದಿದ್ರ ಬ್ಯಾರೆ ಕಡಿ ನೋಡ್ಲಿ, ನಮ್ಮ ಸಿಟ್ಟೇನಿಲ್ಲ."

ಹೆಳವ ಬಹಳ ಹೊತ್ತು ತುಟಿಯೊಳಗೇ ಲಯ ಹುಡುಕಿದ. ಆಮೇಲೆ ಗಂಟೆ ಎತ್ತಿ, ಮಾವನವರ ಹೆಸರಿನಿಂದ ಹಿಡಿದು, ಬನಹಟ್ಟಿಯ ಮಗಳ ಹೊಟ್ಟೆಯಲ್ಲಿ ಇಬ್ಬರು, ಹಿರಿಯವನಿಗೆ ಬೆಳಗಾವಿಯ ಮಗಳನ್ನು ತಂದರು, ಕಿರಿಯ ಮಗಳು ಜಮಖಂಡಿ ಸಾಲಿಯಲ್ಲಿದ್ದಾಳೆ ಎಂದ. 'ಸಾಲಿಯಲ್ಲಿ' ಎನ್ನುವಾಗ ಲಯ ತುಸು ಕುಂಟಿತು. ನಾದಿನಿ ವಹಿಯನ್ನು ಮರಳಿ ತೆಗೆದುಕೊಂಡು, ತಲೆ ಬಗ್ಗಿಸಿ ಅದರಲ್ಲಿ ಏನೋ ಬರೆಯುತ್ತಿದ್ದವಳಂತೆ ಇದ್ದಳು. ಪೆನ್ಸಿಲು ಮಾತ್ರ ಅವಳ ತಂದೆಯ ಕೈಯಲ್ಲೇ ಉಳಿದಿತ್ತು.

ಅತ್ತೆಯವರಿಗೆ ಪೂರ್ತಿ ಒಪ್ಪಿಗೆಯಾಯಿತೆಂದು ನಾನು ಹೇಳಲಾರೆ. ಒಳಗೆ ಬಂದು ಜೋಳ ಅಳೆಯುವಾಗ ಮೊರವನ್ನು ನೆಲಕ್ಕೆ ಕುಕ್ಕಿದರು. "ಛಲೋ ಮನಿತನ. ಕಾಲುವಿ ಹೊಲ. ಬಿಟ್ರು ನೋಡು. ಇನ್ನೆರಡು ವರ್ಷಕ್ಕ ಎಂಥಾವ ಸಿಗ್ತಾನೋ," ಎಂದರು. ಮರುಕ್ಷಣ ದನಿ ತಗ್ಗಿಸಿ, "ಆ ಪುಸ್ತಕದಾಗ ಬನಹಟ್ಟಿ ದೊಡ್ಡಕ್ಷರದಾಗ ಐತೋ ಸಣ್ಣಕ್ಷರದಾಗ ಐತೋ ಆಕಿನ್ನ ಕೇಳು" ಎಂದರು. ನಾನೇ ನೋಡಿದ್ದೆ, ಸಣ್ಣಕ್ಷರದಲ್ಲಿತ್ತು. ರಬಕವಿಯೂ ಅಷ್ಟೇ ಇದೆ ಎಂದು ಹೇಳಿದೆ. ಅದಾದರೂ ಸರಿಯೆಂಬಂತೆ ಇನ್ನೊಂದು ಬೊಗಸೆ ಜೋಳ ಹಾಕಿ ಹೆಳವನಿಗೆ ಕೊಟ್ಟರು.

ಊಟವಾಗುವಾಗ ಸೂರ್ಯ ನೆತ್ತಿ ದಾಟಿ ಎಷ್ಟೋ ಹೊತ್ತಾಗಿತ್ತು. ಬೇಳೆ ತಳ ಹಿಡಿದಿತ್ತು. ನಾದಿನಿ ಮೂರು ರೊಟ್ಟಿ ತಿಂದಳು; ಆ ವಾರವೆಲ್ಲ ಒಂದರ ಮೇಲೆ ಮುಟ್ಟಿರಲಿಲ್ಲ. ಕೈ ತೊಳೆಯಲು ನೀರು ಹಾಕುವಾಗ ನನ್ನ ಬಲಗೈಯನ್ನು ಹಿಡಿದು ಮೇಲಕ್ಕೆತ್ತಿ, ಬಳೆ ಗಲಗಲಿಸಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಸಂಜೆ ಹಿತ್ತಿಲ ಗೋಡೆಯ ಮೇಲೆ ಹಪ್ಪಳದ ಬಟ್ಟೆ ಒಣಹಾಕುತ್ತಿದ್ದೆ. ಪಕ್ಕದ ಮನೆಯವರು ಜೈನರು, ತೇರದಾಳ ಆ ಮನೆಯಾಕೆಯ ತವರು. ಹೊತ್ತು ಮುಳುಗುವ ಮೊದಲೇ ಅವರ ಮನೆಯ ಊಟ ಮುಗಿಯುತ್ತದೆ. ಹೀಗಾಗಿ ನಾವು ಒಲೆ ಹೊತ್ತಿಸುವ ಹೊತ್ತಿಗೆ ಅವರು ಪಾತ್ರೆ ಬೋರಲು ಹಾಕಿ ಗೋಡೆಗೆ ಬರುತ್ತಿದ್ದರು. ಅಂದೂ ಬಂದರು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ.

"ಹೆಳವ ಎರಡೆರಡು ಸಲ ಹೇಳಿದಂಗ ಕೇಳಿಸ್ತು. ಮುಧೋಳದ್ದು ಏನಾತ್ರಿ?"

"ಈಗ ಬ್ಯಾಡಂದ್ರು ನಮ್ಮ ಮಾವಾರು. ಸಾಲಿ ಮುಗೀಲಿ ಅಂದ್ರು."

"ಹೌದೇನು?" ಎಂದು ಅವರು ನನ್ನ ಬಟ್ಟೆಯ ಒಂದು ತುದಿಯನ್ನು ತಾವೇ ಹಿಡಿದು ಕೊಡವಿ ಹಾಸಿದರು. "ಛಲೋ ಆತು ಬಿಡ್ರಿ. ತವರಿಗೆ ನಾಕು ಸಾಲು ಕಾಗದ ಬರಸೂದಿತ್ತು, ಹುಡುಗಿ ಹೋದ್ರ ಯಾರನ್ನ ಹಿಡೀಲಿ ಅಂತ ಮಾಡಿದ್ದೆ. ನಾಳಿ ಸಾಲಿಂದ ಬಂದಮ್ಯಾಲ ಹಂಗ ಈ ಕಡಿ ಹಾದು ಹೋಗಾಕ ಹೇಳ್ರಿ."